ಹುಲಿಗೆವ್ವನ ಏಳು ಸುತ್ತು

ಹುಲಿಗೆವ್ವ ಕೂತದ್ದನ್ನು ನಾನು ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ನಿಂತದ್ದು ನೋಡಿದ್ದೇನೆ, ಬಗ್ಗಿದ್ದು ನೋಡಿದ್ದೇನೆ, ಓಡಾಡಿದ್ದಂತೂ ಕೇಳಲೇಬೇಡಿ. ಊಟವನ್ನು ಕೂಡ ಅಡುಗೆಮನೆಯ ಬಾಗಿಲಿಗೆ ಒರಗಿ, ಅಂಗೈಮೇಲೆ ರೊಟ್ಟಿ ಇಟ್ಟುಕೊಂಡು ನಿಂತೇ ಮುಗಿಸುವವಳು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಅಂತಾರಲ್ಲ, ಆ ಪೈಕಿ. ನಾನೂ ಅದೇ ಪೈಕಿಯಂತೆ, ನನ್ನ ಹೆಂಡತಿ ಶೈಲಾ ಹೇಳುತ್ತಾಳೆ. ಅದಕ್ಕೇ ಇರಬೇಕು, ಆಕೆಯ ಮೇಲೆ ನನಗೆ ಸಿಟ್ಟೂ ಜಾಸ್ತಿ, ಅಕ್ಕರೆಯೂ ಜಾಸ್ತಿ.

ನಾನು ಗುರುಕಿರಣ. ಊರು ಧಾರವಾಡ, ಅನ್ನದ ಋಣ ವಾಸ್ಕೊದ್ದು. ಬಂದರಿನ ಹತ್ತಿರ ಹಡಗಿನ ಸರಕಿನ ಕಾಗದಪತ್ರ ನೋಡುವ ಸಣ್ಣದೊಂದು ಕಚೇರಿಯಲ್ಲಿ ಗುಮಾಸ್ತ. ನಾಲ್ಕು ಗಂಟೆಗೆ ಚಹಾದ ಬಿಡುವು, ಬರೋಬ್ಬರಿ ಇಪ್ಪತ್ತೈದು ನಿಮಿಷ. ಹೋಗಲಿಕ್ಕೆ ಐದು, ಬರಲಿಕ್ಕೆ ಐದು, ಉಳಿದದ್ದು ಹದಿನೈದು. ಒಂದು ನಿಮಿಷ ಹೆಚ್ಚಾದರೂ ನಮ್ಮ ಸಾಹೇಬರು ಕನ್ನಡಕ ಹಣೆಗೆ ಏರಿಸಿ ಗೋಡೆ ಗಡಿಯಾರ ನೋಡುತ್ತಾರೆ, ನನ್ನನ್ನು ನೋಡುವುದಿಲ್ಲ. ಬೈದರೆ ವಾಸಿ.

ನಾನು ಹೋಗುವುದು ಹಾರ್ಬರ್ ಟೀ ರೂಮಿಗೆ. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಹಂಚಿನ ಮನೆ, ಆರೇ ಆರು ಮೇಜು, ಮೇಲೆ ಬಿಳಿ ಕಲ್ಲು. ಹಿಂದೆ ಬ್ರಿಟಿಷ್ ರೈಲು ಕಂಪನಿಯ ಸಾಹೇಬರು ಇಲ್ಲಿದ್ದ ಕಾಲಕ್ಕೆ ಕಾರವಾರದ ಒಬ್ಬ ಮನುಷ್ಯ ಅವರ ಮೆಸ್ಸಿನಲ್ಲಿ ಚಹಾ ಮಾಡುತ್ತಿದ್ದನಂತೆ. ಸಾಹೇಬರು ಹೋದರು, ಅವನು ಕಲಿತ ಚಹಾ ಉಳಿಯಿತು. ಅವನ ಮೊಮ್ಮಗ ಬಾಳಕೃಷ್ಣ ಈಗ ಮಾಲೀಕ. ಹೊರಗೆ ಗಾಡಿಯ ಮೇಲೆ ಭಾಜಿ-ಪಾವು, ಗಾಜಿನ ಲೋಟದಲ್ಲಿ ಕುದಿಸಿದ ಚಹಾ. ಒಳಗೆ ಕಾಲಿಟ್ಟರೆ ಕಂದು ಹೊಟ್ಟೆಯ ಟೀಪಾಟು, ಅದರ ತಲೆಗೆ ಉಣ್ಣೆಯ ಟೋಪಿ, ಹಾಲು ಬೇರೆ, ಸಕ್ಕರೆ ತುಂಡು ಬೇರೆ, ಅದನ್ನೆತ್ತಲು ಪುಟ್ಟ ಚಿಮಟ. ಸೌತೆಕಾಯಿಯ ಸ್ಯಾಂಡ್‌ವಿಚ್ಚಿನೊಳಗೆ ಮಾತ್ರ ಯಾವ ಕಾಲದಲ್ಲೋ ಹಸಿಮೆಣಸಿನ ಚಟ್ನಿ ನುಸುಳಿಕೊಂಡಿದೆ. ಅದನ್ನು ಹೊರಗೆ ಹಾಕುವ ಧೈರ್ಯ ಯಾರಿಗೂ ಆಗಿಲ್ಲ.

ಈ ಚಹಾಕ್ಕೆ ಒಂದು ಕಟ್ಟಳೆ. ಕುದಿವ ನೀರು ಹೊಯ್ದ ಮೇಲೆ ಐದು ನಿಮಿಷ ಪಾಟನ್ನು ಮುಟ್ಟುವಂತಿಲ್ಲ. ಕಡಿಮೆಯಾದರೆ ನೀರು, ಹೆಚ್ಚಾದರೆ ಬೇವು. ಬಾಳಕೃಷ್ಣರ ತಾಯಿ ಸರಸ್ವತಿಬಾಯಿ ಆ ಐದು ನಿಮಿಷ ಅಡುಗೆಮನೆಯ ಕಿಟಕಿ ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಗಡಿಯಾರ ಬೇಡ, ಕೂತರೆ ತಾನೇ ಗೊತ್ತಾಗುತ್ತದೆ ಎನ್ನುವುದು ಅವರ ಮಾತು.

ಅಲ್ಲಿಗೆ ಹುಲಿಗೆವ್ವ ಬಂದದ್ದು ಚಹಾ ಮಾಡಲಿಕ್ಕಲ್ಲ, ಗೋಡೆ ಕಟ್ಟಲಿಕ್ಕೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ, ಕೊಪ್ಪಳದ ಕಡೆಯಿಂದ, ಗಂಡ ಬಾಲಪ್ಪನ ಜೊತೆ. ಅವನು ಬಂದರಿನಲ್ಲಿ ಅದಿರು ತುಂಬುವ ಕೆಲಸಕ್ಕೆ, ಇವಳು ಕಲ್ಲು ಹೊರುವ ಕೆಲಸಕ್ಕೆ. ಟೀ ರೂಮಿನ ಹಿತ್ತಲ ಗೋಡೆ ಮಳೆಗೆ ಬಿದ್ದಿತ್ತು. ಚಿರೇಕಲ್ಲು ಹೊತ್ತು ಹೊತ್ತು ಹದಿನೆಂಟು ದಿನ ಹಿತ್ತಲಲ್ಲೇ ಓಡಾಡಿದ ಇವಳನ್ನು ಕಿಟಕಿಯಿಂದ ನೋಡಿದ ಸರಸ್ವತಿಬಾಯಿ, ಗೋಡೆ ಮುಗಿದ ದಿನ ಕೇಳಿದರಂತೆ: ಒಳಗೆ ಬರ್ತೀಯಾ?

ಒಳಗೇನೋ ಬಂದಳು. ನೀರಿನ ಹದ ಕಲಿತಳು, ಎಲೆಯ ಅಳತೆ ಕಲಿತಳು. ಕೂರುವುದನ್ನು ಕಲಿಯಲಿಲ್ಲ. ಸ್ಟೂಲು ತೋರಿಸಿ ಕೂರು ಎಂದರೆ ಗೋಡೆಗಂಟಿ ನಿಲ್ಲುವಳು. ಈ ಕಥೆಯನ್ನು ಆಕೆಯೇ ನನಗೆ ಹೇಳಿದ್ದು.

"ಗುತ್ತೇದಾರನ ಕೈಯಾಗ ದುಡದಾಕಿ ನಾ, ಸಾಹೇಬ್ರ. ಕುಂತದ್ದು ಕಂಡ್ರ ಅರ್ಧಾ ದಿನದ ಪಗಾರ ಹೋಗ್ತಿತ್ತು. ಹಡದು ಹದಿನೈದು ದಿನಕ್ಕ ಕೆಲಸಕ್ಕ ಹೋಗೇನಿ, ಆವಾಗೂ ಕುಂತಿಲ್ಲ. ಇಲ್ಲಿ ಮಾಲಕರ ಮುಂದ, ಸುಮ್ಮನ, ಕೈಯಾಗ ಕೆಲಸಿಲ್ಲದ ಕುಂದ್ರಂದ್ರ? ಎದಿ ಡವಡವ ಹೊಡಕೊಂತಿತ್ರಿ."

ಸರಸ್ವತಿಬಾಯಿ ಜಗ್ಗಾಡಲಿಲ್ಲ. ಒಂದು ದಿನ ಗಂಡನ ಕೈಗಡಿಯಾರ ಹಿಡಿದುಕೊಂಡು, ಹಿತ್ತಲಿಗೆ ಹೋಗಿ ಬಾವಿ ಸುತ್ತಿ ಬಾ ಎಂದರು. ಅಡುಗೆಮನೆ ಬಾಗಿಲಿಂದ ಹೊರಟು, ತಾನೇ ಹೊತ್ತ ಕಲ್ಲಿನ ಗೋಡೆಗುಂಟ ನಡೆದು, ಬಾವಿ ಬಳಸಿ, ಬಾದಾಮಿ ಮರದ ಕೆಳಗಿಂದ ಮತ್ತೆ ಬಾಗಿಲಿಗೆ. ಏಳು ಸುತ್ತಿಗೆ ಐದು ನಿಮಿಷ ಸರಿಯಾಯಿತು. ಅಂದಿನಿಂದ ಹಾರ್ಬರ್ ಟೀ ರೂಮಿನ ಗಡಿಯಾರ ಅಂದರೆ ಹುಲಿಗೆವ್ವನ ಕಾಲು. ಪಾಟು ಕಾಯುತ್ತಾ ಸರಸ್ವತಿಬಾಯಿ ಸ್ಟೂಲಿನ ಮೇಲೆ ಕೂತು ಉಣ್ಣೆ ಟೋಪಿ ಹೆಣೆಯುವುದು, ಹೊರಗೆ ಇವಳು ಸುತ್ತುವುದು.

ಇದು ಹುಚ್ಚು ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಆದರೆ ಆಕೆಯ ತಲೆ ನೋಡಿ. ಒಂದೇ ಹೊತ್ತಿಗೆ ಮೂರು ಮೇಜಿನವರು ಚಹಾ ಹೇಳಿದರೆ ಮೂರು ಬೆರಳು. ಕಿಟಕಿ ಮೇಜಿನದು ಐದನೇ ಸುತ್ತು, ಮೂಲೆಯದು ಮೂರನೆಯದು, ಈಗ ಬಂದವರದು ಒಂದು. ಬೆರಳು ಮಡಚುತ್ತಾ ಬಿಚ್ಚುತ್ತಾ ನಡೆಯುವಳು, ಒಂದು ಪಾಟೂ ತಪ್ಪುತ್ತಿರಲಿಲ್ಲ. ಮಳೆಗಾಲದಲ್ಲಿ ತಲೆಮೇಲೆ ಗೋಣಿಚೀಲದ ಕೊಪ್ಪೆ. ದಿನಕ್ಕೆ ನೂರು ಸುತ್ತಿಗೆ ಮೋಸವಿಲ್ಲ.

ಇಷ್ಟೆಲ್ಲ ಮಾಡಿ ಆ ಚಹಾವನ್ನು ಆಕೆ ಬಾಯಿಗೆ ಹಾಕಿಕೊಂಡವಳಲ್ಲ. ಮೊದಲ ದಿನ ಒಂದು ಗುಟುಕು ಕುಡಿದು ಉಗುಳಿದಳಂತೆ. "ಇದು ಚಾ ಏನ್ರಿ? ಎಲಿ ತೊಳದ ನೀರು," ಎನ್ನುವಳು. ಟೀಪಾಟಿಗೆ ಆಕೆ ಇಟ್ಟ ಹೆಸರು ಸೊಂಡಿಲಿನ ತಂಬಿಗಿ. ತನಗೆ ಮಾತ್ರ ಸಂಜೆ ಶುಂಠಿ ಜಜ್ಜಿ, ಬೆಲ್ಲ ಹಾಕಿ, ಕೊತಕೊತ ಕುದಿಸಿದ ಚಹಾ, ಅದೂ ನಿಂತೇ.

ಸರಸ್ವತಿಬಾಯಿಯನ್ನು ಬಾಯಾರು ಎಂದೇ ಕರೆಯುವಳು, ಈಗಲೂ. ಬಾಯಾರ ಬಗ್ಗೆ ಆಕೆ ಹತ್ತಾರು ಸಲ ಹೇಳಿದ ಒಂದು ಮಾತಿದೆ. ಕೆಲಸಕ್ಕೆ ಸೇರಿದ ವರ್ಷ ಬರಿಗಾಲಿಗೆ ಜಾಲಿಮುಳ್ಳು ಮುರಿದು ಕೀವಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕೆಲಸದಿಂದ ಬಿಡಿಸುತ್ತಾರೆಂಬ ಹೆದರಿಕೆ. ಎರಡನೇ ದಿನ ಹಿತ್ತಲ ಬಾಗಿಲಲ್ಲಿ ಹೊಸ ಚಪ್ಪಲಿ, ಪಕ್ಕದಲ್ಲಿ ಮುಲಾಮು. "ನಾ ಬಾಯಿ ಬಿಟ್ಟಿಲ್ರಿ. ನಮ್ಮ ಹುಲಿಗೆಮ್ಮ ತಾಯಿನ ಬಾಯಾರ ಕನಸಿನ್ಯಾಗ ಹೋಗಿ ಹೇಳ್ಯಾಳ." ನಾನು ನಗುತ್ತಿದ್ದೆ. ಆಕೆಗೆ ಸಿಟ್ಟು ಬರುತ್ತಿತ್ತು.

ಬಾಯಾರು ತೀರಿಕೊಂಡು ಆರು ವರ್ಷವಾಯಿತು. ಸ್ಟೂಲು ಅಲ್ಲೇ ಉಳಿಯಿತು. ಅದರ ಮೇಲೆ ಹುಲಿಗೆವ್ವ ಉಣ್ಣೆಯ ಟೋಪಿಗಳನ್ನು ಪೇರಿಸಿಟ್ಟಳು. ಅದೇ ವರ್ಷ ಬಾಲಪ್ಪನೂ ಹೋದ. ಆಗಲೂ ಹದಿಮೂರು ದಿನ ರಜೆ ತೆಗೆದುಕೋ ಅಂದರೆ ಆರನೇ ದಿನಕ್ಕೆ ಬಂದು ಬಾವಿ ಸುತ್ತತೊಡಗಿದಳು. ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದಳು, ಅಷ್ಟೇ.

ಹೋದ ವರ್ಷ ಬಾಳಕೃಷ್ಣ ಬೀಗದ ಕೈಯನ್ನು ಮಗಳು ಗೌತಮಿಗೆ ಕೊಟ್ಟರು. ಹೋಟೆಲ್ ಕೆಲಸ ಓದಿಕೊಂಡವಳು, ಚುರುಕು, ಮೂವತ್ತರ ಆಸುಪಾಸು. ಹುಲಿಗೆವ್ವನ ಸೊಂಟದ ಮೇಲೆ ಬೆಳೆದ ಕೂಸು, ಆಕೆಯನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವವಳು. ಕನ್ನಡ ಕಲಿತದ್ದೂ ಅಲ್ಲೇ, ಅದಕ್ಕೆ ಕಾರವಾರದವರ ಮಗಳ ಬಾಯಲ್ಲಿ ಕೊಪ್ಪಳ ಕುಣಿಯುತ್ತದೆ. ಆಕೆ ಬಂದ ಮೇಲೆ ಬಾಗಿಲಿಗೆ ಬಣ್ಣ ಬಂತು, ಕುರ್ಚಿಯ ಕುಂಟು ಹೋಯಿತು, ಗಲ್ಲಾಪೆಟ್ಟಿಗೆಯ ಪಕ್ಕ ಗಿರಾಕಿಗಳ ಅಭಿಪ್ರಾಯಕ್ಕೆಂದು ಒಂದು ಪುಸ್ತಕವೂ ಬಂತು.

ಆ ಪುಸ್ತಕದ ಮೊದಲ ಪಾಪಿ ನಾನೇ. ಒಂದು ವರ್ಷದಿಂದ ಚಹಾ ಕೆಟ್ಟಿತ್ತು. ಕೊರಳಲ್ಲಿ ಹಿಡಿಯುವಂಥ ಒಗರು. ಅದಕ್ಕಿಂತ ಹೆಚ್ಚಾಗಿ ತಡ. ಹದಿನೈದು ನಿಮಿಷದಲ್ಲಿ ಹನ್ನೆರಡು ನಿಮಿಷ ಕಾಯುವುದರಲ್ಲೇ ಹೋದರೆ ಮನುಷ್ಯ ಕುಡಿಯುವುದು ಯಾವಾಗ? ನಾಲಗೆ ಸುಟ್ಟುಕೊಂಡು ಓಡಬೇಕು. ಜೂನಿನಲ್ಲಿ ಒಂದು ದಿನ ಸಾಹೇಬರ ಕನ್ನಡಕ ಹಣೆಗೇರಿದ ಸಿಟ್ಟಿಗೆ ಮರುದಿನ ಬಂದು ದಪ್ಪಕ್ಷರದಲ್ಲಿ ಬರೆದೆ: ಚಹಾ ಕಹಿ, ಚಹಾ ತಡ, ಹೀಗಾದರೆ ಬಾಗಿಲು ಹಾಕಿರಿ. ಕೆಳಗೆ ರುಜು ಬೇರೆ ಹಾಕಿದೆ. ನನ್ನ ಕೆಳಗೆ ಆರು ತಿಂಗಳಲ್ಲಿ ಇಪ್ಪತ್ತು ಮಂದಿ ಬರೆದರು.

ಗೌತಮಿ ಎಲೆ ಬದಲಾಯಿಸಿದಳು. ನೀರು ಬದಲಾಯಿಸಿದಳು. ಒಂದು ಪುಟ್ಟ ಟೈಮರ್ ತಂದು ಅಡುಗೆಮನೆಯಲ್ಲಿಟ್ಟಳು. ಅದು ಕೀಂಯ್ ಅಂದ ಮೊದಲ ದಿನವೇ ಹುಲಿಗೆವ್ವ ಅದನ್ನು ಜೋಳದ ಡಬ್ಬಿಯೊಳಗೆ ಹುಗಿದಳು. ಕೊನೆಗೆ ಗೌತಮಿ ಹೇಳಿದ್ದು, ಬೆಂಗಳೂರಿನಿಂದ ಯಂತ್ರ ಬರುತ್ತದೆ, ಗುಂಡಿ ಒತ್ತಿದರೆ ಅರ್ಧ ನಿಮಿಷಕ್ಕೆ ಚಹಾ. ಶನಿವಾರ ನಾಲ್ಕಕ್ಕೆ ಯಂತ್ರದವನು ಬಂದು ತೋರಿಸುತ್ತಾನೆ. ಹಿಡಿಸಿದರೆ ಅಂದೇ ಕೂರಿಸುವುದು. ಮಾವಶಿಗೆ ಇನ್ನು ವಿಶ್ರಾಂತಿ.

ಅದನ್ನು ಆಕೆ ಪ್ರೀತಿಯಿಂದಲೇ ಹೇಳಿದ್ದು. ಆದರೆ ವಿಶ್ರಾಂತಿ ಎಂಬ ಮಾತು ಕೇಳಿದ ಹುಲಿಗೆವ್ವನ ಮುಖ ನಾನು ನೋಡಿದೆ. ಟ್ರೇ ವಾಲಿ ಚಿಮಟ ಕೆಳಗೆ ಬಿತ್ತು.

"ಬೈನಾದ ಓಣ್ಯಾಗ ನಂದು ಎರಡು ಖೋಲಿ ಮನಿ ಐತಿ," ಎಂದಳು ನನ್ನ ಹತ್ತಿರ ಬಂದು. "ಅಲ್ಲಿ ಮುಂಜಾನೆಯಿಂದ ಸಂಜಿಮಟ ಏನ್ ಮಾಡ್ಲಿ ನಾ? ಗೋಡಿ ನೋಡ್ಲೇನು? ಹುಚ್ಚ ಹಿಡಿತೈತ್ರಿ ಸಾಹೇಬ್ರ."

ಪುಸ್ತಕದಲ್ಲಿದ್ದ ನನ್ನ ರುಜು ನನ್ನನ್ನೇ ನೋಡುತ್ತಿದ್ದ ಹಾಗಿತ್ತು. ಆ ವಾರ ನನಗೆ ಕಚೇರಿಯಲ್ಲೂ ಕೂರಲಾಗಲಿಲ್ಲ, ಮನೆಯಲ್ಲೂ ಕೂರಲಾಗಲಿಲ್ಲ. ಶೈಲಾ ಎರಡು ಸಲ ಕೇಳಿದಳು, ಹೊಟ್ಟಿ ಗಡಬಡ ಐತೇನು ಅಂತ.

ಗುರುವಾರ ಚಹಾ ಹೇಳಿ ಕಾಯುವ ತಾಳ್ಮೆ ಇಲ್ಲದೆ ಕೈ ತೊಳೆಯುವ ನೆಪ ಮಾಡಿ ಹಿತ್ತಲಿಗೆ ಹೋದೆ. ಹುಲಿಗೆವ್ವ ಸುತ್ತುತ್ತಿದ್ದಳು. ಎಡಗೈ ಗೋಡೆಯ ಮೇಲೆ, ಬಲಗೈ ಮೊಣಕಾಲಿನ ಮೇಲೆ. ಒಂದು ಹೆಜ್ಜೆ, ಒಂದು ತಡೆ. ಬಾವಿಯ ಹತ್ತಿರ ನಿಂತು ಸುಧಾರಿಸಿಕೊಂಡಳು. ಬಾದಾಮಿ ಮರ ಹಿಡಿದು ಮತ್ತೆ ನಿಂತಳು. ನನ್ನನ್ನು ನೋಡಲಿಲ್ಲ, ತುಟಿ ಮಾತ್ರ ಎಣಿಸುತ್ತಿತ್ತು. ಬಿಡುವಿನ ನಿಮಿಷ ಎಣಿಸುವ ಚಟದವನು ನಾನು, ಕೈ ತಾನಾಗಿ ಗಡಿಯಾರದ ಕಡೆ ಹೋಯಿತು. ಏಳನೇ ಸುತ್ತು ಮುಗಿದಾಗ ಒಂಬತ್ತೂವರೆ ನಿಮಿಷವಾಗಿತ್ತು.

ಎಲೆ ಕೆಟ್ಟಿರಲಿಲ್ಲ, ನೀರೂ ಕೆಟ್ಟಿರಲಿಲ್ಲ. ಸುತ್ತು ಏಳೇ ಇತ್ತು, ಮೊಣಕಾಲು ಸವೆದಿತ್ತು. ದಿನಾ ನೋಡುತ್ತಿದ್ದ ನಮಗೆ ಯಾರಿಗೂ ಇದು ಹೊಳೆದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆ ಚಹಾ ಕುಡಿಯದೆ ಕಚೇರಿಗೆ ಹೋದೆ.

ಶುಕ್ರವಾರ ಹುಲಿಗೆವ್ವನಿಗೆ ಹೇಳಿದೆ. ಹೇಳುವುದೇನು, ತೊದಲಿದೆ. ಆಕೆ ಬೆಂಕಿಯಾದಳು.

"ನನ್ನ ಕಾಲು ಸುಳ್ಳ ಹೇಳ್ತಾವೇನ್ರಿ? ಇಪ್ಪತ್ತೊಂಬತ್ತು ವರ್ಷ ಏಳ ಸುತ್ತು ಹಾಕೇನಿ. ಒಂದು ಕಮ್ಮಿ ಮಾಡಿಲ್ಲ. ನಿಮ್ಮ ಗಡಿಯಾರ ಕೆಟ್ಟೈತಿ, ತೋರಿಸ್ಕೋರಿ."

"ಕಮ್ಮಿ ಮಾಡಿಲ್ಲ, ಅದಕ್ಕ ಕಹಿ ಆಗೇತಿ ಹುಲಿಗೆವ್ವ. ಕುಡದರ ನೋಡು."

ಬಟ್ಟಲು ಮುಂದಿಟ್ಟೆ. ಮೂಗು ಮುರಿದುಕೊಂಡು ಒಂದು ಗುಟುಕು ಕುಡಿದಳು. "ಕಹಿ ಐತಿ. ಆದ್ರ ಇದು ಯಾವಾಗ ಸಿಹಿ ಇತ್ತು?"

ಎದ್ದು ಹೊರಡಬೇಕು, ಆಗ ಆಕೆ ಟೀಪಾಟಿನ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ.

"ಏಳ ಸುತ್ತ ಮುಗಿಸಿ ಬಂದು ಈ ತಂಬಿಗಿ ಎತ್ತಿದ್ರ ಮೊದ್ಲ ಕೈ ಚುರ್ ಅಂತಿತ್ರಿ," ಎಂದಳು ನಿಧಾನವಾಗಿ. "ಈಗ ಅನ್ನೂದಿಲ್ಲ. ನನ್ನ ಕೈ ಮೊದ್ದಾಗ್ಯಾವು ಅನಕೊಂಡಿದ್ನಿ. ಕಲ್ಲು ಹೊತ್ತ ಕೈ, ಹೆಂಗೂ ಮೊದ್ದಾಗ್ತಾವಂತ." ಕೈಯನ್ನು ತಿರುಗಿಸಿ ನೋಡಿಕೊಂಡಳು. "ಕೈ ಅಲ್ಲ ಹಂಗಾರ, ತಂಬಿಗಿ ಆರಿರ್ತೈತಿ."

ಯಾರಿಗೂ ಹೇಳಬೇಡ, ನಾಳೆಯಿಂದ ನಾಲ್ಕೇ ಸುತ್ತು ಹಾಕು, ಯಂತ್ರದವನು ಬಂದಾಗ ಚಹಾ ಸರಿಯಾಗಿದ್ದರೆ ಸಾಕು ಎಂದೆ. ಗುಮಾಸ್ತನ ಬುದ್ಧಿ, ಕಾಗದ ಸರಿ ಕಂಡರಾಯಿತು. ಆಕೆ ನನ್ನ ಮುಖ ನೋಡಿ ಒಳಗೆ ಹೋದಳು.

ಶನಿವಾರ ಮೂರೂವರೆಗೇ ನಾನು ಕಚೇರಿಯಿಂದ ತಪ್ಪಿಸಿಕೊಂಡೆ. ಯಂತ್ರದವನು ಆಗಲೇ ಬಂದಿದ್ದ, ದೊಡ್ಡ ರಟ್ಟಿನ ಡಬ್ಬಿಯನ್ನು ಕಿಟಕಿ ಮೇಜಿನ ಮೇಲಿಟ್ಟು ಟೇಪು ಕೀಳಲು ಚಾಕು ಕೇಳುತ್ತಿದ್ದ. ಹುಲಿಗೆವ್ವ ಚಾಕು ತರಲಿಲ್ಲ. ನೆಟ್ಟಗೆ ಗೌತಮಿಯ ಮುಂದೆ ಹೋಗಿ ನಿಂತಳು.

"ಗೌತಮವ್ವ, ಚಾ ಕೆಡಿಸಿದಾಕಿ ನಾನ. ಎಲಿ ಅಲ್ಲ, ನೀರ ಅಲ್ಲ. ನನ್ನ ಕಾಲು. ಐದು ನಿಮಿಷಕ್ಕ ಆಗೂ ಏಳ ಸುತ್ತು ಒಂಬತ್ತು ನಿಮಿಷಕ್ಕ ಆಗಾಕತ್ತಾವು. ನನಗ ತಿಳೀಲಿಲ್ಲ. ಈ ಸಾಹೇಬ್ರು ಗಡಿಯಾರ ಹಿಡದು ನೋಡ್ಯಾರ."

ಇಡೀ ಟೀ ರೂಮು ನನ್ನತ್ತ ತಿರುಗಿತು. ನಾನು ಸಕ್ಕರೆ ಚಿಮಟವನ್ನು ನೋಡುತ್ತಾ ನಿಂತೆ. ಗೌತಮಿ ಹುಲಿಗೆವ್ವನ ಮೊಣಕಾಲಿನ ಕಡೆ ನೋಡಿದಳು. ಆಮೇಲೆ, "ಅಷ್ಟ ಹೌದಿಲ್ಲೋ ಮಾವಶಿ? ಸುತ್ತು ಕಮ್ಮಿ ಹಾಕು ಹಂಗಾರ," ಎಂದಳು.

"ಈ ವರ್ಷ ನಾಕು. ಬರೂ ವರ್ಷ ಎರಡು. ಅದರಾಚಿ ವರ್ಷ? ಬಾಗಲದಾಗ ನಿಂತು ಎಣಿಸ್ಲೇನು?" ಹುಲಿಗೆವ್ವನ ದನಿ ಏರಿತು. "ಮಷೀನು ಬ್ಯಾಡ ಅನ್ನಾಕ ನಾ ಯಾರು? ನಿನ್ನ ಅಂಗಡಿ. ಆದ್ರ ಅದನ್ನ ಕುಂದರಸೂ ಮುಂಚೆ ಒಂದು ತಂಬಿಗಿಗೆ ನೀ ಸುತ್ತಿ ನೋಡು. ಒಂದ. ನಿಮ್ಮಜ್ಜಿ ಚಾ ನಿನ್ನ ಕಾಲಾಗ ಬರ್ತೈತೋ ಇಲ್ಲೋ ನೋಡೂಣು."

ಯಂತ್ರದವನು ನಕ್ಕ. ಗೌತಮಿ ನಗಲಿಲ್ಲ. ಮೊಬೈಲನ್ನು ಗಲ್ಲೆಯ ಮೇಲಿಟ್ಟು ಹಿತ್ತಲಿಗೆ ಹೋದಳು. ಏಳು ಸುತ್ತನ್ನು ಬಸ್ಸು ತಪ್ಪುತ್ತದೆ ಅನ್ನುವವರ ಹಾಗೆ ಮುಗಿಸಿ ಬಂದಳು. ನನ್ನ ಗಡಿಯಾರದಲ್ಲಿ ಮೂರು ನಿಮಿಷ ಹತ್ತು ಸೆಕೆಂಡು, ಹಾಗೆಂದು ಹುಲಿಗೆವ್ವನಿಗೆ ಹೇಳಿದೆ. ಚಹಾ ಬಗ್ಗಿಸಿದರೆ ಬಟ್ಟಲಿನ ತಳ ಕಾಣುವಷ್ಟು ತಿಳಿ.

"ನಿನ್ನ ಕಾಲಿಗೆ ಏಳು ಸಾಲೂದಿಲ್ಲ, ಹನ್ನೊಂದು ಸುತ್ತು ಬೇಕು," ಎಂದಳು ಹುಲಿಗೆವ್ವ. "ನಡಿ, ಇನ್ನೊಂದ್ಸಲ."

ಹೊಸ ಎಲೆ ಹಾಕಿದಳು, ಕುದಿವ ನೀರು ಹೊಯ್ದಳು. ಗೌತಮಿ ಮತ್ತೆ ಹೊರಟಳು, ಎಣಿಸಲಿಕ್ಕೆಂದು ನಾನು ಒಳಗೆ ಬಂದೆ. ಅಡುಗೆಮನೆಯಲ್ಲಿ ಉಳಿದವರು ನಾವಿಬ್ಬರು, ನಡುವೆ ಟೋಪಿ ಹಾಕಿಕೊಂಡ ಟೀಪಾಟು. ಪಾಟು ಕಾಯಲು ಒಬ್ಬರಿರಬೇಕು, ಬಾಯಾರು ಹೋದ ಮೇಲೆ ಮರೆತೇಹೋದ ಕಟ್ಟಳೆ ಅದು. ಹುಲಿಗೆವ್ವ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದಳು. ಒಲೆ ಒರೆಸಿದಳು. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದಳು. ಆಮೇಲೆ ಸ್ಟೂಲಿನ ಮೇಲಿದ್ದ ಉಣ್ಣೆ ಟೋಪಿಗಳನ್ನು ಒಂದೊಂದಾಗಿ ತೆಗೆದು ಕಟ್ಟೆಯ ಮೇಲಿಟ್ಟು, ಮೊಣಕಾಲು ಹಿಡಿದುಕೊಂಡು, ಕೂತಳು.

ಪೂರಾ ಕೂರಲಿಲ್ಲ, ಸ್ಟೂಲಿನ ಅಂಚಿನ ಮೇಲೆ, ಯಾರಾದರೂ ಬಂದರೆ ಏಳುವ ಹಾಗೆ. ಕೈಗೆ ಏನು ಮಾಡಬೇಕೆಂದು ತಿಳಿಯದೆ ಸೆರಗಿನ ತುದಿ ಸುರುಳಿ ಸುತ್ತತೊಡಗಿದಳು.

"ಎಷ್ಟನೇದು?"

"ನಾಕು," ಎಂದೆ.

"ಇನ್ನೂ ನಾಕ?" ಸುರುಳಿ ಬಿಚ್ಚಿದಳು, ಮತ್ತೆ ಸುತ್ತಿದಳು. "ಐದು ನಿಮಿಷ ಅಂದ್ರ ಇಷ್ಟುದ್ದ ಇತ್ತೇನ್ರಿ?"

ಹೊರಗೆ ಯಂತ್ರದವನು ಇನ್ನೆಷ್ಟೊತ್ತು ಎಂದು ಕೂಗಿದ. ಗೋಡೆಗುಂಟ ನಡೆಯುತ್ತಲೇ ಗೌತಮಿ, "ಡಬ್ಬಿ ತಗೊಂಡು ಹೋಗ್ರಿ, ಬೇಕಾದ್ರ ನಾನ ಫೋನ್ ಮಾಡ್ತೀನಿ, ಎಣಿಕಿ ತಪ್ಪಸಬ್ಯಾಡ್ರಿ," ಎಂದು ಕೂಗಿದಳು. ನನಗೆ ನಗು ಬಂತು, ಹುಲಿಗೆವ್ವನ ಕಡೆ ತಿರುಗಿದೆ. ಆಕೆ ಅದನ್ನು ಕೇಳಿಸಿಕೊಂಡಿರಲಿಲ್ಲ. ಸೆರಗು ಬಿಟ್ಟ ಕೈ ಕಿಟಕಿಯ ಸರಳು ಹಿಡಿದಿತ್ತು.

ಸ್ಟೂಲಿನ ಮೇಲಿಂದ ನೋಡಿದರೆ ಹಿತ್ತಲಷ್ಟೂ ಕಾಣುತ್ತದೆ. ಗೋಡೆ, ಬಾವಿ, ಬಾದಾಮಿ ಮರ. ಬಾವಿಯ ತಿರುವಿನಲ್ಲಿ ಗೌತಮಿಯ ಚಪ್ಪಲಿಯ ಹಿಮ್ಮಡಿ ಬಿಚ್ಚಿಕೊಂಡಿತ್ತು. ಆಕೆ ಎಡಗಾಲನ್ನು ಸ್ವಲ್ಪ ಎಳೆಯುತ್ತಿದ್ದಳು. ಅದೂ ಕಾಣುತ್ತಿತ್ತು.

"ಸಾಹೇಬ್ರ," ಎಂದಳು ಹುಲಿಗೆವ್ವ. "ಆವತ್ತು ನನ್ನ ಮುಳ್ಳಿನ ಸುದ್ದಿ ದೇವಿ ಹೇಳಿಲ್ರಿ. ಬಾಯಾರು ಇಲ್ಲಿ ಕುಂತು ನನ್ನ ನೋಡ್ತಿದ್ರು."

ಗಡಿಯಾರ ನೋಡಿಕೊಂಡೆ. ಐದು ನಿಮಿಷವಾಗಲು ಇನ್ನೂ ಎರಡು ನಿಮಿಷವಿತ್ತು. ಹುಲಿಗೆವ್ವ ಸ್ಟೂಲಿನ ಮೇಲೆ ಹಿಂದಕ್ಕೆ ಸರಿದು ಪೂರಾ ಕೂತಳು.